ಈಪರ್‌ನ ಮೆನಿನ್ ಗೇಟ್: ಪ್ರತಿ ರಾತ್ರಿ ಎಂಟಕ್ಕೆ ನಡೆಯುವ ಸ್ಮರಣೆಯ ಕುರಿತು

ಬೆಲ್ಜಿಯಂನ ಪಶ್ಚಿಮ ಭಾಗದಲ್ಲಿರುವ ಈಪರ್ ಎಂಬ ಊರಿನಲ್ಲಿ ಪ್ರತಿದಿನ ರಾತ್ರಿ ಎಂಟು ಗಂಟೆಗೆ ಸ್ವಲ್ಪ ಮುಂಚೆ ಪೊಲೀಸರು ಬಂದು, ಮೊದಲ ಮಹಾಯುದ್ಧದ ಸ್ಮಾರಕವಾದ ಮೆನಿನ್ ಗೇಟ್ ಎಂಬ ದೊಡ್ಡ ಕಮಾನಿನ ಕೆಳಗೆ ಹಾದುಹೋಗುವ ರಸ್ತೆಯಲ್ಲಿ ವಾಹನಗಳನ್ನು ತಡೆಯುತ್ತಾರೆ. ಎಂಟು ಹೊಡೆಯುತ್ತಿದ್ದಂತೆ ಬ್ಯೂಗಲ್ ಹಿಡಿದವರು ಸಾಲಾಗಿ ನಿಂತು ‘ಲಾಸ್ಟ್ ಪೋಸ್ಟ್’ ನುಡಿಸುತ್ತಾರೆ. ಬ್ರಿಟಿಷ್ ಸೇನೆಯಲ್ಲಿ ದಿನದ ಕೆಲಸ ಮುಗಿಯಿತೆಂದು ಸಾರುತ್ತಿದ್ದ ಈ ಕರೆಯೇ ಕಾಲಕ್ರಮದಲ್ಲಿ ಸತ್ತ ಯೋಧರಿಗೆ ವಿದಾಯ ಹೇಳುವ ನಾದವೂ ಆಯಿತು. 1928ರಲ್ಲಿ ಊರಿನ ಪೊಲೀಸ್ ಅಧಿಕಾರಿಯೊಬ್ಬರ ಮುತುವರ್ಜಿಯಿಂದ ಆರಂಭವಾದ ಈ ಕಾರ್ಯಕ್ರಮ 2015ರ ಜುಲೈ 9ರಂದು 30,000ನೆಯ ಬಾರಿ ನಡೆಯಿತು. ನೋಡಲು ಟಿಕೆಟ್ ಇಲ್ಲ, ಮುಂಗಡ ಕಾಯ್ದಿರಿಸಬೇಕಾಗಿಲ್ಲ, ಯಾರು ಬೇಕಾದರೂ ಬಂದು ನಿಲ್ಲಬಹುದು.

ಎರಡು ಸಂಜೆ ಅಲ್ಲಿ ನಿಂತು ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನೂರು ವರ್ಷಗಳ ಹಿಂದೆ ಮುಗಿದುಹೋದ ಯುದ್ಧವನ್ನು ಒಂದು ದೇಶ ಇನ್ನೂ ನೆನೆಯುತ್ತಿರಬೇಕೇ, ನೆನೆಯುವುದಾದರೆ ಹೇಗೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿತ್ತು. ಆ ಯುದ್ಧದ ಕಂದಕಗಳಲ್ಲಿ ಕಾದಾಡಿ ಬದುಕುಳಿದವರಲ್ಲಿ ಕೊನೆಯವರೆನ್ನಲಾದ ಹ್ಯಾರಿ ಪ್ಯಾಚ್ ಅವರು 2009ರ ಜುಲೈನಲ್ಲಿ, ತಮ್ಮ 111ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಹೋರಾಡಿದ್ದು ಇದೇ ಈಪರ್‌ನ ಆಸುಪಾಸಿನಲ್ಲಿ, 1917ರ ಪ್ಯಾಶೆಂಡೇಲ್ ಕದನದಲ್ಲಿ. ಈಗ ಕಣ್ಣಾರೆ ಕಂಡವರು ಯಾರೂ ಉಳಿದಿಲ್ಲ. ಕಂಡವರಿಲ್ಲದ ನೆನಪು ಸುಲಭವಾಗಿ ಆಳುವವರ ಕೈಗೊಂಬೆಯಾಗುತ್ತದೆ ಎಂಬ ಭಯ ನನಗಿತ್ತು, ಅದನ್ನು ಹೊತ್ತುಕೊಂಡೇ ನಾನು ಹೋದೆ.

ಮೊದಲು ಕಟ್ಟಡದ ವಿಷಯ. ಸರ್ ರೆಜಿನಾಲ್ಡ್ ಬ್ಲೂಮ್‌ಫೀಲ್ಡ್ ವಿನ್ಯಾಸ ಮಾಡಿದ ಈ ಕಮಾನನ್ನು 1927ರ ಜುಲೈ 24ರಂದು ಉದ್ಘಾಟಿಸಲಾಯಿತು. ಊರಿನಿಂದ ರಣರಂಗದ ಕಡೆಗೆ ಸೈನಿಕರು ನಡೆದುಹೋಗುತ್ತಿದ್ದ ದಾರಿಗಳಲ್ಲಿ ಒಂದರ ಮೇಲೆಯೇ ಇದು ನಿಂತಿದೆ. ಹೊರಗಿನಿಂದ ನೋಡಿದಾಗ ನನಗೆ ಇದು ಹಿಡಿಸಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ರೋಮನ್ನರ ವಿಜಯದ್ವಾರದ ಗತ್ತು, ನೆತ್ತಿಯ ಮೇಲೊಂದು ಸಿಂಹ, ಬ್ರಿಟಿಷ್ ಸಾಮ್ರಾಜ್ಯದ ಸೇನೆಗಳಿಗೆ ಅರ್ಪಿಸಿದ ಬರಹ, ಎಲ್ಲವೂ ಸೇರಿ ಸಾವಿನ ಮನೆಗೆ ಹಬ್ಬದ ತೋರಣ ಕಟ್ಟಿದಂತೆ ಕಾಣುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಆ ಗತ್ತು ಮಾಯವಾಗುತ್ತದೆ. ಗೋಡೆಗಳ ತುಂಬ, ಮೆಟ್ಟಿಲುಗಳ ಇಕ್ಕೆಲಗಳಲ್ಲಿ, ಮೇಲಿನ ಪಡಸಾಲೆಗಳಲ್ಲಿ ಬರೀ ಹೆಸರುಗಳು. ಈಪರ್ ಸುತ್ತಲಿನ ಕದನಗಳಲ್ಲಿ ಸತ್ತು, ಗುರುತಿನ ಸಮಾಧಿಯೇ ಸಿಗದೆ ಹೋದ 54,000ಕ್ಕೂ ಹೆಚ್ಚು ಜನರ ಹೆಸರುಗಳು ಅಲ್ಲಿವೆ. ಅಷ್ಟು ಜಾಗವೂ ಸಾಲದೆ, 1917ರ ಆಗಸ್ಟ್ ಮಧ್ಯಭಾಗದ ನಂತರ ಕಾಣೆಯಾದ ಇನ್ನೂ ಸುಮಾರು 35,000 ಜನರ ಹೆಸರುಗಳನ್ನು ಕೆಲವೇ ಕಿಲೋಮೀಟರ್ ದೂರದ ಟೈನ್ ಕಾಟ್ ಸ್ಮಶಾನದ ಗೋಡೆಯ ಮೇಲೆ ಕೆತ್ತಬೇಕಾಯಿತು.

ಪಟ್ಟಿಗಳನ್ನು ಹತ್ತಿರದಿಂದ ಓದುವಾಗ ಅಲ್ಲಲ್ಲಿ ಹೆಸರು ಇರಬೇಕಾದ ಕಡೆ ಕಲ್ಲು ಖಾಲಿಯಾಗಿರುವುದು ಕಣ್ಣಿಗೆ ಬೀಳುತ್ತದೆ. ಇದು ಕೆತ್ತುವವರ ತಪ್ಪಲ್ಲ. ಇಂದಿಗೂ ಈ ಭಾಗದ ಹೊಲಗಳಲ್ಲಿ ಉಳುವಾಗ, ಪಾಯ ತೋಡುವಾಗ ಸೈನಿಕರ ಅವಶೇಷಗಳು ಸಿಗುತ್ತವೆ. ಅವು ಯಾರವೆಂದು ಗುರುತು ಹತ್ತಿದರೆ ಆ ವ್ಯಕ್ತಿಗೆ ಹೆಸರಿನ ಸಮಾಧಿ ದೊರೆಯುತ್ತದೆ, ಆಮೇಲೆ ಕಾಣೆಯಾದವರ ಗೋಡೆಯಿಂದ ಆ ಹೆಸರನ್ನು ತೆಗೆಯುತ್ತಾರೆ. ಅಂಥ ಒಂದು ಖಾಲಿ ಸಾಲಿನ ಮೇಲೆ ಬೆರಳಾಡಿಸಿದೆ. ಮೇಲಿನ ಹೆಸರಿನ ಅಕ್ಷರಗಳು ಬೆರಳಿಗೆ ಒರಟಾಗಿ ತಾಗುತ್ತಿದ್ದವು, ಆ ಸಾಲು ಮಾತ್ರ ನುಣ್ಣಗಿತ್ತು. ಇಷ್ಟು ವರ್ಷ ದಿಕ್ಕಿಲ್ಲದೆ ಮಣ್ಣಲ್ಲಿ ಮಲಗಿದ್ದವನೊಬ್ಬ ಕೊನೆಗೂ ಸಿಕ್ಕಿದ ಎಂಬುದಕ್ಕೆ ಆ ನುಣುಪೇ ಸಾಕ್ಷಿ. ಸ್ಮಾರಕವೆಂದರೆ ಒಮ್ಮೆ ಕಟ್ಟಿ, ನಾಡಗೀತೆ ಹಾಡಿ, ಬೀಗ ಹಾಕಿ ಬರುವುದು ಎಂದುಕೊಂಡವರು ಇದನ್ನು ನೋಡಬೇಕು. ಇಲ್ಲಿ ಲೆಕ್ಕವನ್ನು ಇನ್ನೂ ತಿದ್ದುತ್ತಿದ್ದಾರೆ.

ಇನ್ನು ರಾತ್ರಿಯ ಕಾರ್ಯಕ್ರಮಕ್ಕೆ ಬರೋಣ. ಬ್ಯೂಗಲ್ ನುಡಿಸುವವರು ಊರಿನವರೇ. ಅವರ ಪರಂಪರೆ ಸ್ಥಳೀಯ ಅಗ್ನಿಶಾಮಕ ದಳದಿಂದ ಬಂದದ್ದು, ಅವರಲ್ಲಿ ಯಾರೂ ಇದನ್ನು ಪ್ರದರ್ಶನವೆಂದು ಮಾಡುವುದಿಲ್ಲ ಎಂಬುದು ಅವರ ನಿಲುವಿನಲ್ಲೇ ತಿಳಿಯುತ್ತದೆ. ಭಾಷಣವಿಲ್ಲ, ಮಂತ್ರಿಗಳ ಸಾಲುಕುರ್ಚಿಗಳಿಲ್ಲ. ಲಾಸ್ಟ್ ಪೋಸ್ಟ್ ಮುಗಿದ ಮೇಲೆ ಸತ್ತವರನ್ನು ನೆನೆಯುವ ನಾಲ್ಕು ಸಾಲು, ಒಂದು ನಿಮಿಷದ ಮೌನ, ಬಂದಿದ್ದವರಿಂದ ಹೂಮಾಲೆಗಳ ಅರ್ಪಣೆ, ಮತ್ತೆ ಒಂದು ಕರೆ, ಅಲ್ಲಿಗೆ ಮುಗಿಯಿತು. ಚಪ್ಪಾಳೆ ತಟ್ಟಬಾರದೆಂಬ ಪದ್ಧತಿಯಿದೆ. ನಾನು ನೋಡಿದ ಮೊದಲ ಸಂಜೆ ಶಾಲಾಮಕ್ಕಳ ಗುಂಪೊಂದು ಬಂದಿತ್ತು. ಹೂಮಾಲೆ ಇಡಲು ಮುಂದೆ ಹೋದ ಹುಡುಗಿ ಅದನ್ನಿಟ್ಟು ಎದ್ದವಳು ತಿರುಗಿ ಬರುವುದನ್ನೇ ಮರೆತು ಗೋಡೆಯ ಕಡೆ ನೋಡುತ್ತ ನಿಂತುಬಿಟ್ಟಳು. ಯಾರೂ ಅವಳನ್ನು ಅವಸರಪಡಿಸಲಿಲ್ಲ. ಎರಡನೆಯ ಸಂಜೆ ಜನ ಹೆಚ್ಚಿದ್ದರು, ಮೌನದ ನಿಮಿಷದಲ್ಲೂ ಹಲವರ ಕೈಯಲ್ಲಿ ಮೊಬೈಲ್‌ಗಳು ಮೇಲೆದ್ದಿದ್ದವು, ನನ್ನ ಮುಂದೆ ನಿಂತವರ ಪರದೆಯ ಬೆಳಕಿನಲ್ಲಿ ನನಗೆ ಬ್ಯೂಗಲ್‌ನವರು ಕಾಣಲೇ ಇಲ್ಲ. ಹೋಗುವವರು ಅರ್ಧ ಗಂಟೆಯಾದರೂ ಮುಂಚೆ ಹೋಗಿ ನಿಲ್ಲುವುದು ಒಳ್ಳೆಯದು, ಯುದ್ಧ ನಿಂತ ದಿನವಾದ ನವೆಂಬರ್ 11ರಂದಂತೂ ನೂಕುನುಗ್ಗಲು.

ಈ ಕಾರ್ಯಕ್ರಮಕ್ಕೆ ಒಂದು ದೊಡ್ಡ ಅಡ್ಡಿ ಬಂದದ್ದು 1940ರ ಮೇ ತಿಂಗಳಲ್ಲಿ, ಜರ್ಮನ್ ಸೇನೆ ಊರನ್ನು ವಶಪಡಿಸಿಕೊಂಡಾಗ. ಆ ನಾಲ್ಕು ವರ್ಷ ಇಂಗ್ಲೆಂಡಿನ ಬ್ರೂಕ್‌ವುಡ್ ಸೈನಿಕ ಸ್ಮಶಾನದಲ್ಲಿ ಇದನ್ನು ಮುಂದುವರಿಸಲಾಯಿತು. 1944ರ ಸೆಪ್ಟೆಂಬರ್ 6ರಂದು ಪೋಲಿಷ್ ಪಡೆಗಳು ಈಪರನ್ನು ಬಿಡಿಸಿಕೊಂಡ ಸಂಜೆಯೇ, ಊರಿನ ಇನ್ನೊಂದು ಭಾಗದಲ್ಲಿ ಕಾಳಗ ನಡೆಯುತ್ತಿರುವಾಗಲೇ, ಮೆನಿನ್ ಗೇಟಿನ ಕೆಳಗೆ ಬ್ಯೂಗಲ್ ಮತ್ತೆ ಮೊಳಗಿತು. ಆದೇಶದ ಮೇಲೆ ನಡೆಯುವ ಸ್ಮರಣೆಗೂ ಊರವರು ತಮ್ಮದಾಗಿಸಿಕೊಂಡ ಸ್ಮರಣೆಗೂ ಇರುವ ಅಂತರ ಇಷ್ಟರಲ್ಲೇ ಗೊತ್ತಾಗುತ್ತದೆ.

ಊರವರ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ಯುದ್ಧ ಮುಗಿದಾಗ ಈಪರ್ ಬರೀ ಕಲ್ಲುಮಣ್ಣಿನ ರಾಶಿಯಾಗಿತ್ತು. ಆ ಅವಶೇಷಗಳನ್ನು ಹಾಗೆಯೇ ಬಿಟ್ಟು ಇಡೀ ಊರನ್ನೇ ಸ್ಮಾರಕವಾಗಿಸಬೇಕೆಂಬುದು ವಿನ್‌ಸ್ಟನ್ ಚರ್ಚಿಲ್ ಅವರ ಆಸೆಯಾಗಿತ್ತು. ಮನೆ ಕಳೆದುಕೊಂಡು ಮರಳಿದ ಜನ ಒಪ್ಪಲಿಲ್ಲ, ಮಧ್ಯಯುಗದ ಬಟ್ಟೆಮಾರುಕಟ್ಟೆಯಾದ ಕ್ಲಾತ್ ಹಾಲ್ ಸೇರಿದಂತೆ ಊರನ್ನು ಹಿಂದಿದ್ದಂತೆಯೇ ಕಟ್ಟಿಕೊಂಡರು, ಆ ಕೆಲಸ 1967ರವರೆಗೂ ನಡೆಯಿತು. ಅವರು ಮಾಡಿದ್ದೇ ಸರಿ ಎಂದು ನನ್ನ ಖಚಿತ ಅಭಿಪ್ರಾಯ. ಸತ್ತವರ ನೆನಪಿಗೆಂದು ಬದುಕಿರುವವರ ಸೂರನ್ನು ಕೇಳುವ ಹಕ್ಕು ಯಾವ ದೇಶಕ್ಕೂ ಇಲ್ಲ.

ಅದೇ ಕ್ಲಾತ್ ಹಾಲ್‌ನಲ್ಲಿ ಇಂದು ಇನ್ ಫ್ಲಾಂಡರ್ಸ್ ಫೀಲ್ಡ್ಸ್ ವಸ್ತುಸಂಗ್ರಹಾಲಯವಿದೆ. 1998ರಲ್ಲಿ ತೆರೆದು 2012ರಲ್ಲಿ ಹೊಸದಾಗಿ ಜೋಡಿಸಿದ ಈ ಸಂಗ್ರಹಾಲಯ ಚೆನ್ನಾಗಿದೆ, ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ವಸ್ತುಗಳಿಗಿಂತ ಅವರು ಸಿದ್ಧಪಡಿಸುತ್ತಿರುವ ಹೆಸರುಗಳ ಪಟ್ಟಿ. ಬೆಲ್ಜಿಯಂನ ನೆಲದಲ್ಲಿ ಆ ಯುದ್ಧಕ್ಕೆ ಬಲಿಯಾದವರು ಆರು ಲಕ್ಷ. ಅವರಲ್ಲಿ ಬ್ರಿಟಿಷರು, ಜರ್ಮನ್ನರು, ಫ್ರೆಂಚರು, ಬೆಲ್ಜಿಯನ್ನರು ಎಂಬ ಭೇದವಿಲ್ಲದೆ, ಸೈನಿಕರ ಜೊತೆ ಸಾಮಾನ್ಯ ನಾಗರಿಕರನ್ನೂ ಸೇರಿಸಿ ಒಂದೇ ಪಟ್ಟಿ ಮಾಡಲಾಗುತ್ತಿದೆ. 2018ರಲ್ಲಿ ಇದೇ ಲೆಕ್ಕಕ್ಕೆ ಸರಿಯಾಗಿ ಆರು ಲಕ್ಷ ಮಣ್ಣಿನ ಗೊಂಬೆಗಳನ್ನು ಜನರೇ ಕೈಯಾರೆ ಮಾಡಿ, ಈಪರ್ ಸಮೀಪದ ಹಳೆಯ ರಣಭೂಮಿಯಲ್ಲಿ ಹರಡಿಟ್ಟಿದ್ದರು.

ಮೆನಿನ್ ಗೇಟಿನ ಕೊರತೆ ಎದ್ದು ಕಾಣುವುದು ಇಲ್ಲೇ. ಆ ಗೋಡೆಯ ಮೇಲೆ ಎದುರು ಪಕ್ಷದವರ ಹೆಸರಿಲ್ಲ. ಆದರೂ ಅದು ಕಟ್ಟಿದ ಕಾಲಕ್ಕೆ ದೊಡ್ಡ ಮುಂದಡಿಯೇ ಆಗಿತ್ತು ಎಂಬುದನ್ನು ಒಪ್ಪಬೇಕು. ಈ ಸ್ಮಾರಕವನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 1917ರಲ್ಲಿ ಸ್ಥಾಪನೆಯಾದಾಗಿನಿಂದ ಹಿಡಿದ ತತ್ತ್ವ ಸರಳವಾದದ್ದು: ದಂಡನಾಯಕನಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು, ಜಾತಿ ಮತ ವರ್ಣಗಳ ಭೇದವಿಲ್ಲದೆ ಪ್ರತಿಯೊಬ್ಬನಿಗೂ ಅವನದೇ ಹೆಸರು. ಅಲ್ಲಿಯವರೆಗೆ ಯುದ್ಧಸ್ಮಾರಕವೆಂದರೆ ಕುದುರೆಯೇರಿದ ಸೇನಾಪತಿಯ ಪ್ರತಿಮೆ ಎಂದೇ ಬಹುಮಟ್ಟಿಗೆ ಅರ್ಥವಾಗಿತ್ತು.

ಆ ತತ್ತ್ವವನ್ನು ಈಪರ್ ಇರುವ ಈ ಫ್ಲಾಂಡರ್ಸ್ ಪ್ರದೇಶದಲ್ಲಿ ಪಾಲಿಸಿದಷ್ಟು ನಿಷ್ಠೆಯಿಂದ ಬೇರೆಡೆ ಪಾಲಿಸಲಿಲ್ಲ ಎಂಬುದೇ ನನ್ನ ಮನಸ್ಸಿಗೆ ಬಹಳ ನೋವುಂಟುಮಾಡುವ ಸಂಗತಿ. ಮೆನಿನ್ ಗೇಟಿನ ಗೋಡೆಯ ಮೇಲೆ ಭಾರತೀಯ ಪಡೆಗಳವರ ಹೆಸರುಗಳೂ ಇವೆ, ನಾನು ಅವನ್ನು ಹುಡುಕಿ ಓದಿದೆ. 1914ರ ಅಕ್ಟೋಬರ್ 31ರಂದು ಈಪರ್ ಹತ್ತಿರದ ಹೊಲೆಬೇಕ್‌ನಲ್ಲಿ ಸಂಗಡಿಗರೆಲ್ಲ ಸತ್ತರೂ ಮಷಿನ್‌ಗನ್ ಬಿಡದ ಸಿಪಾಯಿ ಖುದಾದಾದ್ ಖಾನ್, ಬ್ರಿಟಿಷರ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಯೋಧ. 1915ರ ಏಪ್ರಿಲ್ 22ರಂದು ಜರ್ಮನ್ನರು ಇಲ್ಲಿ ಕ್ಲೋರಿನ್ ಅನಿಲ ಬಿಟ್ಟ ನಾಲ್ಕೇ ದಿನಕ್ಕೆ ಭಾರತೀಯ ಸೇನೆಯ ಲಾಹೋರ್ ಡಿವಿಜನ್ ಅದೇ ನೆಲದ ಮೇಲೆ ದಾಳಿಗೆ ನುಗ್ಗಿತು. ಅಂಥವರ ಹೆಸರು ಇಲ್ಲಿ ಕಲ್ಲಿನ ಮೇಲಿದೆ, ಫ್ರಾನ್ಸಿನ ನವ್ ಷಪೆಲ್‌ನಲ್ಲಿರುವ ಭಾರತೀಯ ಸ್ಮಾರಕದ ಗೋಡೆಯ ಮೇಲೂ 4,700ಕ್ಕೂ ಹೆಚ್ಚು ಹೆಸರುಗಳಿವೆ. ಇರಾಕಿನ ಬಸ್ರಾ ಸ್ಮಾರಕಕ್ಕೆ ಹೋದರೆ ಕಥೆಯೇ ಬೇರೆ. ಮೆಸಪೊಟೇಮಿಯಾದಲ್ಲಿ ಸತ್ತ 40,000ಕ್ಕೂ ಹೆಚ್ಚು ಜನರ ಆ ಸ್ಮಾರಕದಲ್ಲಿ ಬ್ರಿಟಿಷರಿಗೆ ಹೆಸರು, ಭಾರತೀಯ ಅಧಿಕಾರಿಗಳಿಗೆ ಹೆಸರು, ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ ಮಾತ್ರ ರೆಜಿಮೆಂಟಿನ ಕೆಳಗೆ ಒಂದು ಸಂಖ್ಯೆ. ಒಂದೇ ಸಾಮ್ರಾಜ್ಯಕ್ಕಾಗಿ ಸತ್ತವನು ಯುರೋಪಿನಲ್ಲಿ ಸತ್ತರೆ ಮನುಷ್ಯ, ಬಸ್ರಾದಲ್ಲಿ ಸತ್ತರೆ ಅಂಕಿ.

ಆಯೋಗವೇ ನೇಮಿಸಿದ ಸಮಿತಿಯ ವರದಿ 2021ರಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆಯಿತು. ಮುಖ್ಯವಾಗಿ ಭಾರತ, ಪೂರ್ವ ಮತ್ತು ಪಶ್ಚಿಮ ಆಫ್ರಿಕಾ, ಈಜಿಪ್ಟ್, ಸೊಮಾಲಿಯಾಗಳಿಗೆ ಸೇರಿದ 45,000ದಿಂದ 54,000 ಜನರನ್ನು ಅಸಮಾನವಾಗಿ ಸ್ಮರಿಸಲಾಗಿದೆ, ಇವರಲ್ಲದೆ ಕನಿಷ್ಠ 1,16,000 ಜನರನ್ನು, ಬಹುಶಃ 3,50,000ದಷ್ಟು ಜನರನ್ನು ಹೆಸರಿಟ್ಟು ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ ಎಂದು ಅದರಲ್ಲಿದೆ. ಆಯೋಗ ಕ್ಷಮೆ ಕೇಳಿತು. ಕ್ಷಮೆಗಿಂತ ನನಗೆ ಮುಖ್ಯವೆನಿಸಿದ್ದು ಹೆಸರುಗಳನ್ನು ಹುಡುಕಿ ಸೇರಿಸುವ ಕೆಲಸ. ಇಷ್ಟು ತಡವಾಗಿ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ, ಒಂದು ಹಳೆಯ ಯುದ್ಧವನ್ನು ದೇಶವೊಂದು ಇನ್ನೂ ನೆನೆಯಬೇಕಾಗಿರುವುದು ಇದಕ್ಕಾಗಿಯೇ ಎಂಬುದು. ಮರೆತಿದ್ದರೆ ಈ ಅನ್ಯಾಯವನ್ನು ತೆರೆದು ನೋಡುವ ಕಡತವೇ ಇರುತ್ತಿರಲಿಲ್ಲ.

ನೆನಪು ಕೆಟ್ಟ ದಾರಿ ಹಿಡಿದುದರ ಗುರುತೂ ಇಲ್ಲೇ, ಈಪರ್‌ನ ಉತ್ತರಕ್ಕೆ ಲಾಂಗೆಮಾರ್ಕ್ ಎಂಬಲ್ಲಿದೆ. ಅಲ್ಲಿನ ಜರ್ಮನ್ ಸ್ಮಶಾನದಲ್ಲಿ 44,000ಕ್ಕೂ ಹೆಚ್ಚು ಜನ ಮಣ್ಣಾಗಿದ್ದಾರೆ. 1914ರಲ್ಲಿ ಅಲ್ಲಿ ಹಾಡುತ್ತ ಸಾವಿನೆಡೆಗೆ ನಡೆದ ಎಳೆಯ ವಿದ್ಯಾರ್ಥಿಗಳೆಂಬ ದಂತಕಥೆಯನ್ನು ಜರ್ಮನಿಯಲ್ಲಿ ದಶಕಗಳ ಕಾಲ ಬೆಳೆಸಲಾಯಿತು. ನಾತ್ಸಿಗಳು ಅದನ್ನು ಮುಂದಿನ ಪೀಳಿಗೆಯನ್ನು ಯುದ್ಧಕ್ಕೆ ಹುರಿದುಂಬಿಸಲು ಬಳಸಿಕೊಂಡರು, 1940ರಲ್ಲಿ ಹಿಟ್ಲರ್ ಸ್ವತಃ ಅಲ್ಲಿಗೆ ಬಂದು ನಿಂತ. ಸತ್ತ ಮಕ್ಕಳ ಗುಂಡಿಯ ಮೇಲೆ ನಿಂತು ಬೇರೆಯವರ ಮಕ್ಕಳನ್ನು ಸಾಯಲು ಕರೆಯುವ ಸ್ಮರಣೆಗಿಂತ ಮರೆವೇ ಲೇಸು. ಸ್ಮರಣೆಯೇ ಬೇಡ ಎನ್ನುವವರ ವಾದದಲ್ಲಿ ಹುರುಳಿರುವುದು ಇಷ್ಟರ ಮಟ್ಟಿಗೆ.

ನನ್ನನ್ನು ಕೇಳಿದರೆ, ಈಗ ಹೊಸದಾಗಿ ಸ್ಮಾರಕ ಕಟ್ಟುವ ದೇಶ ಮೆನಿನ್ ಗೇಟಿನ ಕಮಾನನ್ನು ಬಿಟ್ಟು ಅಲ್ಲಿನ ದಿನನಿತ್ಯದ ಶಿಸ್ತನ್ನು ಮಾತ್ರ ತೆಗೆದುಕೊಳ್ಳಬೇಕು, ಕಟ್ಟಡದ ಮಾದರಿಗೆ ಫ್ರಾನ್ಸಿನ ಅರಾಸ್ ಸಮೀಪದ ನೋತ್ರ್ ದಾಮ್ ದ ಲೊರೆತ್‌ನಲ್ಲಿ 2014ರ ನವೆಂಬರ್ 11ರಂದು ಉದ್ಘಾಟನೆಯಾದ ಸ್ಮರಣೆಯ ಉಂಗುರವನ್ನು ನೋಡಬೇಕು. ಫಿಲಿಪ್ ಪ್ರೊ ವಿನ್ಯಾಸದ ಆ ಉಂಗುರದ ಒಳಮೈಯ ಲೋಹದ ಫಲಕಗಳ ಮೇಲೆ 5,79,606 ಹೆಸರುಗಳಿವೆ. ದೇಶವಿಲ್ಲ, ಹುದ್ದೆಯಿಲ್ಲ, ಪಕ್ಷವಿಲ್ಲ, ಬರೀ ಅಕ್ಷರಾನುಕ್ರಮ. ಕೊಂದವನೂ ಅವನಿಂದ ಸತ್ತವನೂ ಒಂದೇ ಫಲಕದಲ್ಲಿ ಅಕ್ಕಪಕ್ಕ ಬಂದಿರಬಹುದು.

ಈಪರ್‌ಗೆ ಹೋಗುವವರು ಸಂಜೆಯ ಕಾರ್ಯಕ್ರಮವನ್ನು ತಪ್ಪದೆ ನೋಡಲಿ. ಸಾಧ್ಯವಾದರೆ ಮರುದಿನ ಬೆಳಿಗ್ಗೆ ವ್ಲಾಡ್‌ಸ್ಲೋ ಎಂಬಲ್ಲಿನ ಜರ್ಮನ್ ಸ್ಮಶಾನಕ್ಕೂ ಹೋಗಿಬರಲಿ. 25,644 ಜನರನ್ನು ಹೂಳಿರುವ ಆ ಅಂಗಳದ ಕೊನೆಯಲ್ಲಿ ಕೇಟೆ ಕೋಲ್ವಿಟ್ಸ್ ಎಂಬ ಕಲಾವಿದೆ ಮಾಡಿದ ಎರಡು ಕಲ್ಲಿನ ಆಕೃತಿಗಳಿವೆ, ಮಂಡಿಯೂರಿದ ತಂದೆ ಮತ್ತು ತಾಯಿ. ಆ ಕಲಾವಿದೆಯ ಮಗ ಪೀಟರ್ 1914ರ ಅಕ್ಟೋಬರ್‌ನಲ್ಲಿ, ಹದಿನೆಂಟರ ವಯಸ್ಸಿನಲ್ಲಿ ಈ ಭಾಗದಲ್ಲೇ ಸತ್ತ. ನೆಲದ ಮಟ್ಟದಲ್ಲಿ ಹಾಸಿದ ಒಂದೊಂದು ಕಲ್ಲಿನ ಮೇಲೂ ಹಲವು ಹೆಸರುಗಳಿವೆ. ತಾಯಿ ತಲೆ ತಗ್ಗಿಸಿಕೊಂಡಿದ್ದಾಳೆ. ತಂದೆ ಎರಡೂ ತೋಳುಗಳಿಂದ ತನ್ನನ್ನು ತಾನೇ ಬಿಗಿಯಾಗಿ ಹಿಡಿದುಕೊಂಡಿದ್ದಾನೆ, ಅವನ ಮುಂದಿರುವ ಕಲ್ಲಿನಲ್ಲಿ ಪೀಟರ್‌ನ ಹೆಸರಿದೆ. ಅದನ್ನು ಓದಬೇಕಾದರೆ ನಾವೂ ಬಾಗಬೇಕು.