ಗೋಡೆ ಒಡೆಸುವ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿದ್ದು: ಕೊಟ್ಟ ದುಡ್ಡಿಗೆ ಮೋಸವಿಲ್ಲ

ಗೋಡೆ ನೋಡಲು ಬಂದ ಎಂಜಿನಿಯರ್ ಗೋಡೆ ನೋಡದೆ ಸೀದಾ ಮಹಡಿ ಹತ್ತಿದರು. ನನಗೆ ಅವರ ಮೇಲೆ ನಂಬಿಕೆ ಬಂದಿದ್ದೇ ಆಗ.

ಅಡುಗೆಮನೆಗೂ ಹಾಲ್‌ಗೂ ನಡುವಿನ ಗೋಡೆ ತೆಗೆಸಬೇಕಿತ್ತು. ಮೇಸ್ತ್ರಿ ಅದಕ್ಕೆ ಎರಡು ಸಲ ತಟ್ಟಿ, "ನಾಲ್ಕೂವರೆ ಇಂಚಿನ ಗೋಡೆ ಸಾರ್, ಭಾರ ಗೀರ ಏನೂ ಇರಲ್ಲ" ಅಂದಿದ್ದರು. ತಟ್ಟಿದರೆ ಗೋಡೆ ಟೊಳ್ಳೋ ಗಟ್ಟಿಯೋ ತಿಳಿಯಬಹುದು, ಅಷ್ಟೇ. ಮೇಲಿನ ಭಾರ ಎಲ್ಲಿ ಇಳಿಯುತ್ತಿದೆ ಅಂತ ಸದ್ದು ಹೇಳಲ್ಲ, ಅಲ್ವಾ?

ಮಹಡಿಯಲ್ಲಿ ಟೇಪ್ ಹಿಡಿದು ನೋಡಿದರೆ ಬಾತ್‌ರೂಮಿನ ಗೋಡೆ ಸರಿಯಾಗಿ ಇದೇ ಗೋಡೆಯ ನೇರಕ್ಕಿತ್ತು. ಮನೆಯಲ್ಲಿ ಪಿಲ್ಲರ್ ಇಲ್ಲ, ಸ್ಲ್ಯಾಬ್ ಕೆಳಗೆ ಬೀಮೂ ಕಾಣಲಿಲ್ಲ. ಕೆಳಗೆ ಬಂದು, ಗೋಡೆ ಮೇಲೆ ಸ್ಲ್ಯಾಬಿಗೆ ಸೇರುವ ಕಡೆ ಅಂಗೈಯಗಲ ಪ್ಲಾಸ್ಟರ್ ಕೆತ್ತಿಸಿದರು. ಸುಮ್ನೆ ಅಡ್ಡ ಕಟ್ಟಿದ ಗೋಡೆಯಾದರೆ ಅಲ್ಲಿ ಸಾಮಾನ್ಯವಾಗಿ ಆಮೇಲೆ ಗಾರೆ ತುರುಕಿದ ಸಂದು ಕಾಣುತ್ತದಂತೆ. ಇಲ್ಲಿ ಕಾಂಕ್ರೀಟ್ ನೇರವಾಗಿ ಇಟ್ಟಿಗೆಯ ಮೇಲೇ ಕೂತಿತ್ತು. ಕೊನೆಗೆ ಕಂಬಿ ಹುಡುಕುವ ಮೀಟರನ್ನು ಸ್ಲ್ಯಾಬಿನ ಕೆಳಗೆ ಆಡಿಸಿದರು. ಗೋಡೆಗೆ ಅಡ್ಡಲಾಗಿ ಹೋಗುವ ಕಂಬಿಗಳು ಹತ್ತಿರ ಹತ್ತಿರ ಸಿಕ್ಕವು, ಗೋಡೆಯ ಉದ್ದಕ್ಕೆ ಹೋಗುವವು ದೂರ ದೂರ. ಅಂದರೆ ಸ್ಲ್ಯಾಬಿನ ಮುಖ್ಯ ಕಂಬಿ ಈ ಗೋಡೆಯನ್ನು ನಂಬಿಕೊಂಡಿದೆ. ಒಂದೊಂದರಿಂದ ಗೊತ್ತಾಗಲ್ಲ, ಎಲ್ಲವೂ ಒಂದೇ ಮಾತು ಹೇಳಿದರೆ ಮಾತ್ರ ಖಾತ್ರಿ ಅಂದರು.

"ಅರ್ಧ ಒಡೆದು ನೋಡೋಣವಾ?" ಅಂತ ಕೇಳಿದ್ದಕ್ಕೆ ಸಿಟ್ಟು ಮಾಡದೆ ವಿವರಿಸಿದರು. ಆಸರೆಗಳ ನಡುವಿನ ಅಂತರ ಎರಡರಷ್ಟಾದರೆ, ಚದರಡಿಗೆ ಅದೇ ಭಾರವಿದ್ದರೂ ಸ್ಲ್ಯಾಬನ್ನು ಬಗ್ಗಿಸುವ ಬಲ ಸುಮಾರು ನಾಲ್ಕರಷ್ಟಾಗುತ್ತದೆ. ಹಾಕಿರುವ ಕಂಬಿ ಅಷ್ಟಕ್ಕೆ ಸಾಲದು. ಗೋಡೆ ಬೇಡವೇ ಬೇಡ ಅಂದರೆ ಎರಡೂ ಕಡೆ ಜಾಕಿ (ಸ್ಲ್ಯಾಬಿಗೆ ತಾತ್ಕಾಲಿಕ ಆಸರೆಯ ಕಂಬ) ಕೊಟ್ಟು, ಕಬ್ಬಿಣದ ಬೀಮ್ ಕೂರಿಸಿ ಆಮೇಲೆ ತೆಗೆಯಬೇಕು. ಬೀಮಿನ ಎರಡು ತುದಿಗೂ ಭಾರ ಒಟ್ಟಾಗಿ ಬೀಳುವುದರಿಂದ, ಅಲ್ಲಿ ಅಡಿಪಾಯ ಹೇಗಿದೆ ಅಂತ ಅಗೆದು ನೋಡಲೂ ಹೇಳಿದರು. ಇಷ್ಟನ್ನು ನನ್ನಂಥವನಿಗೆ ಅರ್ಥವಾಗುವ ಹಾಗೆ ಹೇಳಿದ್ದಕ್ಕೆ ಪೂರ್ತಿ ಅಂಕ.

ವರದಿಗೆ ಅಷ್ಟು ಅಂಕ ಕೊಡಲಾರೆ. ಹೇಳಿದ ದಿನಕ್ಕೆ ಬರಲಿಲ್ಲ, ಫೋನ್ ಮಾಡಿ ಮಾಡಿ ತರಿಸಿಕೊಂಡೆ. ಲೆಕ್ಕ ಪುಟಗಟ್ಟಲೆ ಇದೆ, ಆದರೆ ಜಾಕಿ ಎಲ್ಲಿ ನಿಲ್ಲಿಸಬೇಕು, ಎಷ್ಟು ಬೇಕು ಅನ್ನುವುದೇ ಇರಲಿಲ್ಲ. ಮೇಸ್ತ್ರಿಗೆ ಬೇಕಾಗಿದ್ದು ಅದೊಂದೇ! ಮತ್ತೆ ಕೇಳಿದ ಮೇಲೆ ಕೈಯಲ್ಲಿ ಗೀಚಿದ ನಕ್ಷೆಯ ಫೋಟೊ ಕಳಿಸಿದರು. ಪಾಪ, ಆ ನಕ್ಷೆ ಮಾತ್ರ ಅಚ್ಚುಕಟ್ಟಾಗಿತ್ತು.

ಪಿಲ್ಲರ್, ಬೀಮ್ ಇರುವ ಕಟ್ಟಡವಾದರೆ ಮೊದಲು ಅದರ ಸ್ಟ್ರಕ್ಚರಲ್ ನಕ್ಷೆ ಹುಡುಕಿಡಿ, ಅವರ ಕೆಲಸ ಬೇಗ ಮುಗಿಯುತ್ತದೆ. 9 ಇಂಚಿನ ಗೋಡೆಯೆಲ್ಲ ಭಾರ ಹೊರುತ್ತದೆ ಅಂತಲೂ ಇಲ್ಲವಂತೆ. ಮತ್ತೆ, ಕೆತ್ತಿದ ಪ್ಲಾಸ್ಟರನ್ನು ಅವರು ಮುಚ್ಚಿಕೊಡಲ್ಲ. ಅದನ್ನು ಮೇಸ್ತ್ರಿಗೆ ಮೊದಲೇ ಹೇಳಿಡಿ.