ಮೊದಲ ಮೂವತ್ತು ಸಾವಿರ: ಸಿಸಿಎನ್‌ಎಗೋ, ಲಿನಕ್ಸಿಗೋ, ಕ್ಲೌಡಿಗೋ?

ಐಟಿ ಕೆಲಸಕ್ಕೆ ಹೊರಟವರು ಮೊದಲ ಮೂವತ್ತು ಸಾವಿರವನ್ನು ಯಾವ ಸರ್ಟಿಫಿಕೇಟಿಗೆ ಹಾಕಬೇಕು ಅನ್ನುವುದಕ್ಕೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಿಸಿಎ, ಬಿಎಸ್ಸಿ ಅಥವಾ ಡಿಪ್ಲೊಮಾ ಮುಗಿಸಿ, ಕೋಡಿಂಗ್ ಅಷ್ಟಾಗಿ ಹಿಡಿಸದೆ, ಆದರೂ ಐಟಿಗೇ ಹೋಗಬೇಕು ಅನ್ನುವ ಮೈಸೂರು-ಮಂಡ್ಯದ ಹುಡುಗ ಹುಡುಗಿಯರ ವಿಷಯದಲ್ಲಿ ನನ್ನ ಓಟು ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಪರೀಕ್ಷೆಯಾದ ಸಿಸಿಎನ್‌ಎಗೆ. ಅದೂ ಇನ್‌ಸ್ಟಿಟ್ಯೂಟಿಗೆ ದುಡ್ಡು ಸುರಿದಲ್ಲ, ಮನೆಯಲ್ಲೇ ಓದಿ. ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಪರೀಕ್ಷೆಯಾದ ಆರ್‌ಎಚ್‌ಸಿಎಸ್‌ಎ ಅದರ ಸಮಕ್ಕೆ ನಿಲ್ಲುತ್ತದೆ, ಕೆಲವರಿಗೆ ಒಂದು ಕೈ ಮೇಲೇ. ಕ್ಲೌಡಿನ (ಇಂಟರ್‌ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರುಗಳು) ಆರಂಭದ ಪರೀಕ್ಷೆಗಳು ಇವೆರಡರ ಜೊತೆಗಿದ್ದರೆ ಚೆನ್ನ, ಅದೊಂದನ್ನೇ ಹಿಡಿದುಕೊಂಡು ಹೋದರೆ ದಂಡ. ಇನ್ನೊಂದು ಸರ್ಟಿಫಿಕೇಟಾದ ಕಾಂಪ್‌ಟಿಯಾ ಎ ಪ್ಲಸ್‌ಗೆ ಎರಡು ಪರೀಕ್ಷೆ, ಎರಡು ಫೀಸು. ನಮ್ಮ ಕಡೆಯ ಕೆಲಸದ ಜಾಹೀರಾತುಗಳಲ್ಲಿ ಅದನ್ನು ಕೇಳುವವರು ಅಪರೂಪ. ಅಷ್ಟು ವಿದ್ಯೆಯನ್ನು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೂತೇ ಕಲಿಯಬಹುದು.

ಸಿಸಿಎನ್‌ಎ ಈಗ ಒಂದೇ ಪರೀಕ್ಷೆ. 2020ರ ಫೆಬ್ರವರಿಯಿಂದ 200-301 ಅನ್ನುವ ಕೋಡಿನಲ್ಲಿ ನಡೆಯುತ್ತಿದೆ. 120 ನಿಮಿಷ, ಫೀಸು 300 ಡಾಲರ್, ಮೇಲೆ ತೆರಿಗೆ. ಜಿಎಸ್‌ಟಿ ಸೇರಿ 30 ಸಾವಿರ ರೂಪಾಯಿ ದಾಟುತ್ತದೆ ಅಂತಲೇ ಲೆಕ್ಕ ಹಾಕಿಕೊಳ್ಳಿ. ಪಾಸಾದರೆ 3 ವರ್ಷ ಚಾಲ್ತಿ. ಫೇಲಾದರೆ 5 ದಿನ ಕಾದು, ಪೂರ್ತಿ ಫೀಸು ಮತ್ತೆ ಕಟ್ಟಿ ಬರೆಯಬೇಕು. ನಿಮ್ಮ ಕಾಲೇಜು ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಸೇರಿದೆಯಾ ಎಂದು ಮೊದಲು ವಿಚಾರಿಸಿ. ಸೇರಿದ್ದರೆ ಅಲ್ಲಿನ ಮೂರು ಕೋರ್ಸ್ ಮುಗಿಸಿ ಒಳ್ಳೆಯ ಅಂಕ ತೆಗೆದವರಿಗೆ ಪರೀಕ್ಷೆಯ ರಿಯಾಯಿತಿ ವೋಚರ್ ಸಿಗುವ ಅವಕಾಶ ಇರುತ್ತದೆ.

ಇದನ್ನು ಮೇಲಿಡುವುದಕ್ಕೆ ಕಾರಣ ಹೆಸರಲ್ಲ, ಅಭ್ಯಾಸದ ಖರ್ಚು. ಪರದೆಯ ಮೇಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೊ ಸಾಫ್ಟ್‌ವೇರ್ ಪ್ಯಾಕೆಟ್ ಟ್ರೇಸರ್ ಉಚಿತ, ಹಳೆಯ 4 ಜಿಬಿ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಯೂಟ್ಯೂಬಿನ ಜೆರೆಮೀಸ್ ಐಟಿ ಲ್ಯಾಬ್ ಚಾನೆಲ್ಲಿನಲ್ಲಿ ಇಡೀ ಕೋರ್ಸು, ಲ್ಯಾಬ್ ಫೈಲುಗಳ ಸಮೇತ, ಪುಕ್ಕಟೆ. ಆದರೆ ವಿಡಿಯೊ ನೋಡಿದ್ದು ಓದಿದ್ದಲ್ಲ. ಪ್ಯಾಕೆಟ್ ಟ್ರೇಸರಿನಲ್ಲಿ ಎರಡು ಸ್ವಿಚ್ ಎಳೆದು ಹಾಕಿ, ನಡುವೆ ಟ್ರಂಕ್ (ಹಲವು ವಿಲ್ಯಾನ್ ಸಾಗಿಸುವ ಕೊಂಡಿ) ಮಾಡಿ, ವಿಲ್ಯಾನ್ (ಸ್ವಿಚ್ಚಿನೊಳಗೇ ಬೇರೆ ಮಾಡಿದ ನೆಟ್‌ವರ್ಕು) 10 ಮತ್ತು 20 ಅದರ ಮೇಲೆ ಹಾಯಲು ಬಿಡಿ. ಎಲ್ಲ ಪಿಂಗ್ ಆಗುತ್ತಿರುವಾಗ 30 ಅನ್ನೂ ಸೇರಿಸೋಣ ಅಂತ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30’ ಎಂದು ಹೊಡೆದು ನೋಡಿ. 30 ಬರುತ್ತದೆ, 10 ಮತ್ತು 20 ಎರಡೂ ಸತ್ತು ಹೋಗುತ್ತವೆ. ಆ ಕಮಾಂಡು ಪಟ್ಟಿಗೆ ಸೇರಿಸುವುದಿಲ್ಲ, ಪಟ್ಟಿಯನ್ನೇ ಬದಲಿಸುತ್ತದೆ. ವಿಲ್ಯಾನ್ ಮತ್ತು 30ರ ನಡುವೆ ‘ಆ್ಯಡ್’ ಬೇಕಿತ್ತು. ನಿಜವಾದ ಆಫೀಸಿನಲ್ಲಿ ಹೀಗಾದರೆ ಒಂದಿಡೀ ಮಹಡಿಯ ಫೋನು ನಿಮ್ಮ ಟೇಬಲ್ಲಿಗೇ ಬರುತ್ತವೆ. ಇಂಟರ್‌ವ್ಯೂನಲ್ಲಿ ಇಂಥದ್ದನ್ನು ಕೇಳುತ್ತಾರೆ. ಡಂಪ್ (ಸೋರಿದ ಪ್ರಶ್ನೆಗಳ ಪಟ್ಟಿ) ಉರು ಹೊಡೆದವರು ಸಿಕ್ಕಿಬೀಳುವುದು ಇಲ್ಲೇ.

ಸಬ್‌ನೆಟ್ಟಿಂಗ್, ಅಂದರೆ ಐಪಿ ವಿಳಾಸಗಳನ್ನು ಚಿಕ್ಕ ನೆಟ್‌ವರ್ಕುಗಳಾಗಿ ಒಡೆಯುವ ಲೆಕ್ಕ, ಕೈಯಲ್ಲಿ ಕೂರಬೇಕು. 192.168.10.77, ಪ್ರಿಫಿಕ್ಸ್ 27, ಯಾವ ನೆಟ್‌ವರ್ಕು? ಪ್ರಿಫಿಕ್ಸ್ 27 ಅಂದರೆ ಗುಂಪಿಗೆ 32 ವಿಳಾಸ, ಹಾಗಾಗಿ 32ರ ಮಗ್ಗಿ: 0, 32, 64, 96. 77 ಇರುವುದು 64ರ ಮನೆಯಲ್ಲಿ, ಎಲ್ಲರಿಗೂ ಒಟ್ಟಿಗೆ ಕಳಿಸುವ ವಿಳಾಸ (ಬ್ರಾಡ್‌ಕಾಸ್ಟ್) 95, ಯಂತ್ರಗಳಿಗೆ ಕೊಡಬಹುದಾದದ್ದು 65ರಿಂದ 94. ಅರ್ಧ ನಿಮಿಷದಲ್ಲಿ ಬರದಿದ್ದರೆ ಇನ್ನೂ ಬುಕ್ ಮಾಡಬೇಡಿ. ಈ ಪರೀಕ್ಷೆಯಲ್ಲಿ ಒಮ್ಮೆ ಮುಂದಿನ ಪ್ರಶ್ನೆಗೆ ಹೋದರೆ ಹಿಂದಕ್ಕೆ ಬರುವಂತಿಲ್ಲ, ‘ಆಮೇಲೆ ನೋಡೋಣ’ ಅನ್ನುವ ಆಟ ನಡೆಯುವುದಿಲ್ಲ.

ಆರ್‌ಎಚ್‌ಸಿಎಸ್‌ಎದಲ್ಲಿ ಟಿಕ್ ಹಾಕುವ ಪ್ರಶ್ನೆಯೇ ಇಲ್ಲ. 3 ಗಂಟೆ ಯಂತ್ರದ ಮುಂದೆ ಕೂತು ಕೆಲಸ ಮಾಡಿ ತೋರಿಸಬೇಕು, 300ಕ್ಕೆ 210 ಬಂದರೆ ಪಾಸ್. ಇಂಟರ್‌ನೆಟ್ ಇಲ್ಲ, ಯಂತ್ರದಲ್ಲೇ ಇರುವ ಮ್ಯಾನ್ ಪೇಜಿನಂಥ ಸಹಾಯ ಪುಟಗಳು ಮಾತ್ರ. ಇಲ್ಲಿ ಮುಳುಗಿಸುವುದು ಹೆಚ್ಚಾಗಿ ರೀಬೂಟು. ನೀವು ಮಾಡಿದ್ದೆಲ್ಲ ಯಂತ್ರ ಮತ್ತೆ ಎದ್ದ ಮೇಲೂ ಇರಬೇಕು. ಎಫ್‌ಎಸ್‌ಟ್ಯಾಬ್ (ಯಂತ್ರ ಏಳುವಾಗ ಡಿಸ್ಕುಗಳನ್ನು ಜೋಡಿಸುವ ಪಟ್ಟಿ) ಫೈಲಿನಲ್ಲಿ ಒಂದು ಅಕ್ಷರ ತಪ್ಪಿದರೆ ಯಂತ್ರ ಎಮರ್ಜೆನ್ಸಿ ಮೋಡಿನಲ್ಲಿ ಹೋಗಿ ನಿಲ್ಲುತ್ತದೆ, ಉಳಿದ ಕೆಲಸಕ್ಕೂ ಮಾರ್ಕ್ಸ್ ಹೋದ ಹಾಗೆ. ಸಾಲು ಬರೆದ ಕೂಡಲೇ ‘ಮೌಂಟ್ ಹೈಫನ್ ಎ’ ಹೊಡೆದು, ತಪ್ಪಿದ್ದರೆ ಅಲ್ಲೇ ಹಿಡಿಯಿರಿ. ಸರ್ವಿಸ್ ಸ್ಟಾರ್ಟ್ ಮಾಡಿ, ರೀಬೂಟಿನ ಮೇಲೂ ತಾನೇ ಏಳುವಂತೆ ಎನೇಬಲ್ ಮಾಡದೆ ಬಿಡುವುದು ಇನ್ನೊಂದು ಮಾಮೂಲಿ ಕಥೆ. ಮನೆ ಅಭ್ಯಾಸಕ್ಕೆ ರೆಡ್ ಹ್ಯಾಟಿನ ಡೆವಲಪರ್ ಸಬ್‌ಸ್ಕ್ರಿಪ್ಷನ್ ಉಚಿತ, 16 ಯಂತ್ರಗಳವರೆಗೆ. ಆದರೆ ಒಂದೇ ಕಂಪ್ಯೂಟರಿನೊಳಗೆ ಬೇರೆ ಯಂತ್ರ ಓಡಿಸುವ ವರ್ಚುವಲ್‌ಬಾಕ್ಸಿನಲ್ಲಿ ಎರಡು ಯಂತ್ರ ಒಟ್ಟಿಗೆ ಓಡಬೇಕಾದರೆ 8 ಜಿಬಿ ರ್‍ಯಾಮ್ ಬೇಕೇ ಬೇಕು. ಅದಿಲ್ಲದ ಲ್ಯಾಪ್‌ಟಾಪಿಗೆ ಆ ಖರ್ಚೂ ಸೇರುತ್ತದೆ. ಸಿಸಿಎನ್‌ಎ ಮುಂದೆ ಇದು ಸೋಲುವುದು ಅಲ್ಲಿ.

ಕ್ಲೌಡಿನದು ಚಿಕ್ಕ ಮಾತು. ಅಮೆಜಾನಿನ ಎಡಬ್ಲ್ಯುಎಸ್ ಕ್ಲೌಡ್ ಪ್ರಾಕ್ಟೀಷನರ್ 100 ಡಾಲರ್, 65 ಪ್ರಶ್ನೆ, 90 ನಿಮಿಷ, 3 ವರ್ಷ ಚಾಲ್ತಿ. ಮೈಕ್ರೊಸಾಫ್ಟಿನ ಎಜಡ್-900 ಒಮ್ಮೆ ಪಾಸಾದರೆ ಅವಧಿ ಮುಗಿಯುವುದೇ ಇಲ್ಲ. ಎರಡರಲ್ಲೂ ಕೇಳುವುದು ಪರಿಚಯದ ಮಟ್ಟದ ವಿಷಯ, ಕೈಕೆಲಸ ಅಲ್ಲ. ಅಭ್ಯಾಸಕ್ಕೆ ಖಾತೆ ತೆರೆದರೆ ಮೊದಲ ದಿನವೇ ಬಜೆಟ್ ಅಲರ್ಟ್ ಹಾಕಿ; ನ್ಯಾಟ್ ಗೇಟ್‌ವೇ ಅನ್ನುವ ಬಾಡಿಗೆ ಸೇವೆಯನ್ನು ಅಳಿಸಲು ಮರೆತರೆ ಗಂಟೆ ಲೆಕ್ಕದಲ್ಲಿ ಬಿಲ್ ಏರುತ್ತಾ ಹೋಗುತ್ತದೆ.

ಇನ್‌ಸ್ಟಿಟ್ಯೂಟಿಗೆ ಹೋಗಲೇಬೇಕು ಅನ್ನುವವರು, ಅದು ಸರಸ್ವತಿಪುರಂ ಆಗಲಿ ಬಿಟಿಎಂ ಲೇಔಟ್ ಆಗಲಿ, ಸೇರುವ ಮುನ್ನ ಕೇಳಬೇಕಾದದ್ದು ಪ್ಲೇಸ್‌ಮೆಂಟ್ ಪರ್ಸೆಂಟೇಜ್ ಅಲ್ಲ. ಪರೀಕ್ಷೆಯ ಫೀಸು ಪ್ಯಾಕೇಜಿನಲ್ಲಿ ಸೇರಿದೆಯಾ? ಕೊನೆಗೆ ಕೈಗೆ ಬರುವುದು ಸಿಸ್ಕೊ ಸರ್ಟಿಫಿಕೇಟೋ, ‘ಸಿಸಿಎನ್‌ಎ ತರಬೇತಿ ಮುಗಿಸಿದ್ದಾರೆ’ ಅನ್ನುವ ಇನ್‌ಸ್ಟಿಟ್ಯೂಟಿನ ಸ್ವಂತ ಕಾಗದವೋ? ಎರಡನೆಯದಕ್ಕೆ ಎಚ್‌ಆರ್ ಹತ್ತಿರ ಬೆಲೆಯಿಲ್ಲ. ಕಂತಿನಲ್ಲಿ ಕಟ್ಟಿ ಎಂದು ಸಹಿ ಹಾಕಿಸಿಕೊಳ್ಳುವ ಕಾಗದ ಎಷ್ಟೋ ಸಲ ಫೈನಾನ್ಸ್ ಕಂಪನಿಯ ಸಾಲ. ನಡುವೆ ಕ್ಲಾಸು ಬಿಟ್ಟರೂ ಇಎಂಐ ಬಿಡುವುದಿಲ್ಲ.

ಇನ್ನು ನಮ್ಮ ಕಡೆಯವರನ್ನೇ ಹುಡುಕಿಕೊಂಡು ಬರುವ ತೊಡಕು: ಇನಿಷಿಯಲ್ಲು. ಸಿಸ್ಕೊ ಪರೀಕ್ಷೆ ಪಿಯರ್ಸನ್ ವ್ಯೂ ಅನ್ನುವ ಪರೀಕ್ಷಾ ಕಂಪನಿಯ ಮೂಲಕ ನಡೆಯುತ್ತದೆ. ಬುಕಿಂಗಿನಲ್ಲಿರುವ ಹೆಸರಿಗೂ ಗುರುತಿನ ಚೀಟಿಯ ಹೆಸರಿಗೂ ತಾಳೆಯಾಗಬೇಕು. ಮಹೇಶ ಕೆ.ಎನ್. ಅಂತ ಒಬ್ಬ ಇದ್ದಾನೆ ಎಂದಿಟ್ಟುಕೊಳ್ಳಿ. ಕೆ ಅಂದರೆ ಕೆರಗೋಡು, ಎನ್ ಅಂದರೆ ಅಪ್ಪ ನಂಜೇಗೌಡ. ಆಧಾರಿನಲ್ಲಿ ಇನಿಷಿಯಲ್ ಹಿಂದೆ, ಮಾರ್ಕ್ಸ್ ಕಾರ್ಡಿನಲ್ಲಿ ಮುಂದೆ. ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರನ್ನು ಇನಿಷಿಯಲ್ಲಾಗಿ ಬರೆಯುವಂತಿಲ್ಲ, ಹಾಗಾಗಿ ಅಲ್ಲಿ ಬಿಡಿಸಿ ಬರೆದ ಮೂರು ಪದ. ಒಬ್ಬನೇ ಮನುಷ್ಯ, ಮೂರು ಹೆಸರು. ಬುಕಿಂಗ್ ಫಾರಂ ಮೊದಲ ಹೆಸರು, ಕೊನೆಯ ಹೆಸರು ಎರಡನ್ನೂ ಕೇಳುತ್ತದೆ. ಹುಡುಗ ಆತುರದಲ್ಲಿ ‘ಮಹೇಶ’, ‘ಗೌಡ’ ಎಂದು ತುಂಬಿ, ಪರೀಕ್ಷೆಯ ದಿನ ‘ಮಹೇಶ ಕೆ ಎನ್’ ಎಂದಿರುವ ಕಾರ್ಡ್ ತೋರಿಸಿದರೆ ಒಳಗೆ ಬಿಡದೆ ಇರಬಹುದು. ಆಗ ಫೀಸು ಹೋದ ಹಾಗೇ.

ಆದ್ದರಿಂದ ಕೆಲಸ ತಿರುಗಿಸಿ ಮಾಡಿ. ಯಾವ ಕಾರ್ಡ್ ತೋರಿಸುತ್ತೀರಿ ಎಂದು ಮೊದಲು ತೀರ್ಮಾನಿಸಿ, ಅದನ್ನು ಎದುರಿಗಿಟ್ಟುಕೊಂಡು ಅದರಲ್ಲಿರುವಂತೆಯೇ ಇಂಗ್ಲಿಷ್ ಸ್ಪೆಲ್ಲಿಂಗ್ ತುಂಬಿ. ಖಾತೆಯಲ್ಲಿ ಹೆಸರು ಈಗಾಗಲೇ ಬೇರೆ ಇದ್ದರೆ ದುಡ್ಡು ಕಟ್ಟುವ ಮೊದಲೇ ಅವರ ಸಪೋರ್ಟಿಗೆ ಬರೆದು ತಿದ್ದಿಸಿ. ಆ ಕಾರ್ಡ್ ಈ ಪರೀಕ್ಷೆಗೆ ನಡೆಯುತ್ತದಾ ಅನ್ನುವುದನ್ನು ಬುಕಿಂಗ್ ಪುಟದ ಗುರುತಿನ ಚೀಟಿ ನಿಯಮದಲ್ಲಿ ಓದಿ. ಫೋನಿನಲ್ಲಿ ಡಿಜಿಲಾಕರ್ ತೋರಿಸುವುದು, ಜೆರಾಕ್ಸ್, ಇವು ನಡೆಯುವುದಿಲ್ಲ. ಒರಿಜಿನಲ್ ಕಾರ್ಡೇ ಬೇಕು.

ಮನೆಯಿಂದಲೇ ಬರೆಯಬಹುದಲ್ಲ ಅನ್ನಬಹುದು. ಬರೆಯಬಹುದು, ಆದರೆ ಸಿಸಿಎನ್‌ಎಗೆ ಬೇಡ. ಆನ್‌ಲೈನ್ ಪರೀಕ್ಷೆಯಲ್ಲಿ ರಫ್ ಪೇಪರ್ ಇಲ್ಲ, ಪರದೆಯ ಮೇಲಿನ ವೈಟ್‌ಬೋರ್ಡಿನಲ್ಲಿ ಮೌಸ್ ಹಿಡಿದು ಸಬ್‌ನೆಟ್ ಲೆಕ್ಕ ಹಾಕಬೇಕು. ಕೇಂದ್ರದಲ್ಲಾದರೆ ಬರೆದು ಅಳಿಸುವ ಹಲಗೆ, ಪೆನ್ನು ಕೊಡುತ್ತಾರೆ. ಮನೆಯಲ್ಲಿ ಅಮ್ಮ ಕಾಫಿ ತಂದು ಬಾಗಿಲು ತೆಗೆದರೂ ಪರೀಕ್ಷೆ ರದ್ದಾಗಬಹುದು, ತುಟಿ ಅಲ್ಲಾಡಿಸಿ ಪ್ರಶ್ನೆ ಓದಿಕೊಂಡರೂ ಎಚ್ಚರಿಕೆ ಬರುತ್ತದೆ. ಕರೆಂಟು, ವೈಫೈ ಕೈಕೊಟ್ಟರೆ ಹೇಳುವುದೇ ಬೇಡ. ಮೈಸೂರಿನಲ್ಲಿ ನಿಮಗೆ ಬೇಕಾದ ದಿನ ಜಾಗ ಸಿಗದೆ ಬೆಂಗಳೂರಿನ ಕೇಂದ್ರ ಹಿಡಿಯಬೇಕಾದರೆ ಮಧ್ಯಾಹ್ನದ ಸ್ಲಾಟ್ ತೆಗೆದುಕೊಳ್ಳಿ. ಬೆಳಗಿನ ರೈಲು ತಡವಾದರೂ ಉಸಿರಾಡಲು ಸಮಯ ಇರುತ್ತದೆ. ದಿನ ಬದಲಿಸುವುದಿದ್ದರೆ 24 ಗಂಟೆ ಮುಂಚೆಯೇ ಬದಲಿಸಿ.

ಕೊನೆಗೆ ಆಯ್ಕೆ ನಿಮ್ಮ ಜೇಬಿನದು, ನಿಮ್ಮ ನಿದ್ದೆಯದು. ಸಿಸಿಎನ್‌ಎ ಹಿಡಿದ ಹೊಸಬರಿಗೆ ಮೊದಲು ಸಿಗುವುದು ಹೆಚ್ಚಾಗಿ ನಾಕ್ ಅಥವಾ ಡೆಸ್ಕ್‌ಟಾಪ್ ಸಪೋರ್ಟ್. ನಾಕ್ ಅಂದರೆ ಕಂಪನಿಯ ನೆಟ್‌ವರ್ಕಿನ ಮೇಲೆ 24 ಗಂಟೆಯೂ ಪಾಳಿಯಲ್ಲಿ ಕಣ್ಣಿಡುವ ಕೇಂದ್ರ, ರಾತ್ರಿ ಡ್ಯೂಟಿ ತಪ್ಪಿದ್ದಲ್ಲ, ಮಂಡ್ಯದಿಂದ ದಿನಾ ರೈಲಿನಲ್ಲಿ ಓಡಾಡುತ್ತೇನೆ ಅನ್ನುವ ಲೆಕ್ಕ ಕೂಡುವುದಿಲ್ಲ. ಪಿಜಿ ಬಾಡಿಗೆ ಮೊದಲೇ ಎಣಿಸಿ. ರಾತ್ರಿ ಪಾಳಿ ಆಗದು, ಒಂದೇ ಕಡೆ ಕೂತು ಕಪ್ಪು ಪರದೆಯಲ್ಲಿ ಟೈಪ್ ಮಾಡುವುದು ಇಷ್ಟ ಅನ್ನುವವರು, 8 ಜಿಬಿ ಯಂತ್ರವೂ ಇದ್ದರೆ, ಲಿನಕ್ಸಿಗೇ ಹೋಗಲಿ. ಕೈಯಲ್ಲಿ ಹತ್ತೇ ಸಾವಿರ ಇದ್ದರೆ ಈಗ ಯಾವ ಪರೀಕ್ಷೆಯನ್ನೂ ಬುಕ್ ಮಾಡಬೇಡಿ. ಪ್ಯಾಕೆಟ್ ಟ್ರೇಸರಿನಲ್ಲಿ ಓದು ಮುಗಿಸಿ, ಮಾಡಿದ ಲ್ಯಾಬುಗಳನ್ನು ರೆಸ್ಯೂಮೆಯಲ್ಲಿ ಬರೆದು, ಡೆಸ್ಕ್‌ಟಾಪ್ ಸಪೋರ್ಟ್ ಕೆಲಸಕ್ಕೆ ಸೇರಿ. ಕಂಪನಿಯಲ್ಲಿ ಪರೀಕ್ಷೆಯ ಫೀಸು ವಾಪಸ್ ಕೊಡುವ ಪದ್ಧತಿ ಇದೆಯಾ ಎಂದು ಆಫರ್ ಲೆಟರಿಗೆ ಸಹಿ ಹಾಕುವ ದಿನವೇ ಎಚ್‌ಆರ್ ಹತ್ತಿರ ಕೇಳಿ.