ವಿಕ್ಟ್ರಾನ್ ಓರಿಯನ್-ಟಿಆರ್ ಸ್ಮಾರ್ಟ್ 12/12-30: ಮೋಟರ್‌ಹೋಮಿಗೆ ಒಪ್ಪುವ ಚಾರ್ಜರ್, ಬಿಸಿಯದೊಂದೇ ತಕರಾರು
ದಿನವಿಡೀ ಗಾಡಿ ಓಡಿಸಿದರೂ ಒಳಗಿನ ಬ್ಯಾಟರಿ ತುಂಬುತ್ತಿಲ್ಲವೇ? ಯೂರೋ 6 (ಯುರೋಪಿನ ಹೊಗೆ ನಿಯಮ) ಗಾಡಿಗಳ ಸ್ಮಾರ್ಟ್ ಆಲ್ಟರ್ನೇಟರ್, ಅಂದರೆ ಎಂಜಿನ್ ತಿರುಗಿಸುವ ವಿದ್ಯುತ್ ಜನಕ, ಆಗಾಗ ವೋಲ್ಟೇಜ್ ಇಳಿಸುತ್ತದೆ; ಎಂಜಿನ್ ಬ್ಯಾಟರಿಯನ್ನೂ ಒಳಗಿನ ಬ್ಯಾಟರಿಯನ್ನೂ ಜೋಡಿಸುವ ಹಳೆಯ ಸ್ವಿಚ್ಚು, ಸ್ಪ್ಲಿಟ್ ಚಾರ್ಜ್ ರಿಲೇ, ಬಂದಷ್ಟನ್ನೇ ದಾಟಿಸುತ್ತದೆ, ಎತ್ತಿ ಕೊಡುವುದಿಲ್ಲ. ಈ ಡಿಸಿ-ಡಿಸಿ ಚಾರ್ಜರ್ ಎತ್ತಿ ಕೊಡುತ್ತದೆ, 30 ಆಂಪಿಯರ್‌ವರೆಗೆ. ಲಿಥಿಯಂ, ಜೆಲ್ ಬ್ಯಾಟರಿಗಳ ಸೆಟ್ಟಿಂಗ್ ಎಲ್ಲ ಮೊಬೈಲಿನಲ್ಲೇ.

ಆದರೆ ಚೆನ್ನಾಗಿ ಬಿಸಿಯಾಗುತ್ತದೆ. ಸುತ್ತಲಿನ ತಾಪ 40 ಡಿಗ್ರಿ ದಾಟಿದರೆ ಕರೆಂಟ್ ಇಳಿಸಿಕೊಳ್ಳುತ್ತದೆ. ಸೀಟಿನಡಿ ತುರುಕಬೇಡಿ, ನೆಟ್ಟಗೆ ನಿಲ್ಲಿಸಿ, ಮೇಲೆ ಕೆಳಗೆ 10 ಸೆಂ.ಮೀ. ಜಾಗ ಬಿಡಿ. 16 ಚದರ ಮಿ.ಮೀ. ಕೇಬಲ್, ಎರಡೂ ಬ್ಯಾಟರಿಗಳ ಪಕ್ಕದಲ್ಲಿ ಫ್ಯೂಸ್.

ಪದೇ ಪದೇ ಆನ್-ಆಫ್ ಆಗುತ್ತಿದ್ದರೆ ಪಾಪ, ಚಾರ್ಜರನ್ನು ಬೈಯಬೇಡಿ. ಚಾರ್ಜ್ ಆಗುತ್ತಿರುವಾಗಲೇ ಇನ್‌ಪುಟ್ ಟರ್ಮಿನಲ್‌ನ ವೋಲ್ಟೇಜ್ ಅಳೆಯಿರಿ. ಎಂಜಿನ್ ಬ್ಯಾಟರಿಗಿಂತ ಅರ್ಧ ವೋಲ್ಟ್ ಕಡಿಮೆ ಬಂದರೆ ಸಪೂರ ಕೇಬಲ್ಲೋ ತುಕ್ಕು ಹಿಡಿದ ಅರ್ತ್ (ನೆಗೆಟಿವ್) ಜೋಡಣೆಯೋ ಇರಬೇಕು.